ಮೂರನೇ ಸ್ಲೈಡಿನಲ್ಲಿ ಅಜ್ಜಿ ನರಳಬೇಕು

ಸ್ಟಾರ್ಟ್‌ಅಪ್ ಸ್ಥಾಪಕರಿಗೆ ಕಥೆ ಹೇಳುವ ಕಲೆಯನ್ನು ಶುಲ್ಕ ಪಡೆದು ಕಲಿಸುವ ಕಾರ್ಯಾಗಾರಗಳಿಗೆ ಬೆಂಗಳೂರಿನಲ್ಲಿ ಈಗ ಬರವಿಲ್ಲ. ಹೂಡಿಕೆದಾರರು ಹಣ ಕೊಡುವುದು ಅಂಕಿಗಳಿಗಲ್ಲ, ಕಥೆಗೆ ಎಂಬುದು ಅಲ್ಲಿನ ಮೊದಲ ಪಾಠ. ಹೂಡಿಕೆದಾರರ ಮುಂದೆ ಹಣ ಕೇಳುವ 'ಪಿಚ್'ನ ಒಂದನೇ ಸ್ಲೈಡಿನಲ್ಲಿ ಕಂಪನಿಯ ಹೆಸರು, ಎರಡನೆಯದರಲ್ಲಿ ಸಮಸ್ಯೆ, ಮೂರನೆಯದರಲ್ಲಿ ಆ ಸಮಸ್ಯೆಯಿಂದ ನರಳಿದ ಸ್ಥಾಪಕರ ಸ್ವಂತ ಅಜ್ಜಿ. ಔಷಧದ ಆ್ಯಪ್ ಆದರೆ ಅಜ್ಜಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಸಿಗಲಿಲ್ಲ. ದಿನಸಿಯ ಆ್ಯಪ್ ಆದರೆ ಸಾಸಿವೆ ಸಿಡಿಯುವ ಹೊತ್ತಿಗೆ ಅಜ್ಜಿಯ ಮನೆಯಲ್ಲಿ ಕರಿಬೇವು ಮುಗಿದುಹೋಗಿತ್ತು. ಪಕ್ಕದ ಮನೆಯಲ್ಲಿ ಕೇಳಿದ್ದರೆ ಒಂದು ಎಸಳು ಸಿಗುತ್ತಿರಲಿಲ್ಲವೇ ಎಂದು ಪ್ರಶ್ನಿಸುವ ಹೂಡಿಕೆದಾರ ಇನ್ನೂ ಹುಟ್ಟಿಲ್ಲ.

ಅಜ್ಜಿ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಮುಂದಿನ ಸ್ಲೈಡಿಗೆ ದೇಶದ 140 ಕೋಟಿ ಜನರೂ ಬಂದು ನಿಲ್ಲುತ್ತಾರೆ. ಅವರಲ್ಲಿ ಶೇ 1ರಷ್ಟು ಮಂದಿ ತಿಂಗಳಿಗೆ ಬರೇ ನೂರು ರೂಪಾಯಿ ಕೊಟ್ಟರೂ 140 ಕೋಟಿ ರೂಪಾಯಿ! ಸದ್ಯಕ್ಕೆ ಆ ಶೇ 1ರ ಪೈಕಿ ಸ್ಥಾಪಕರ ಕಾಲೇಜು ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನವರು ಮಾತ್ರ ಸೇರಿದ್ದಾರೆ ಎಂಬುದು ಸಣ್ಣ ವಿವರ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ನಮ್ಮ ಹಿರಿಯರು ಗೇಲಿ ಮಾಡುತ್ತಿದ್ದರು; ಈಗ ಕುಲಾವಿಗೇ ನೂರು ಕೋಟಿ ಡಾಲರ್ ಬೆಲೆಯ ಕಂಪನಿಗೆ ಸಲ್ಲುವ 'ಯೂನಿಕಾರ್ನ್' ಪಟ್ಟ.

ಈ ವಿದ್ಯೆಗೊಂದು ಪರಂಪರೆಯೂ ಇದೆ. ಆನ್‌ಲೈನ್ ಹರಾಜಿನ ತಾಣ ಇ-ಬೇ ಕಟ್ಟಿದ ಪಿಯರೆ ಒಮಿಡ್ಯಾರ್, ಪೆಜ್ ಮಿಠಾಯಿಯ ಡಬ್ಬಿಗಳನ್ನು ಸಂಗ್ರಹಿಸುವ ಹವ್ಯಾಸವಿದ್ದ ತಮ್ಮ ಭಾವಿ ಪತ್ನಿಗಾಗಿ ಆ ಜಾಲತಾಣ ಆರಂಭಿಸಿದರು ಎಂಬ ಪ್ರೇಮಕಥೆಯನ್ನು ಅಮೆರಿಕದ ಪತ್ರಿಕೆಗಳು ನಂಬಿ ಅಚ್ಚು ಹಾಕಿದವು. ಅದು ಪ್ರಚಾರದ ಹೊಣೆ ಹೊತ್ತಿದ್ದ ಉದ್ಯೋಗಿಯೊಬ್ಬರು 1997ರಲ್ಲಿ ಹೊಸೆದ ಕಥೆ ಎಂಬುದು ಬಯಲಾಗಲು ವರ್ಷಗಳೇ ಬೇಕಾದವು. ಆ ಕಥೆಯಿಂದ ಯಾರ ಮನೆಯೂ ಮುಳುಗಲಿಲ್ಲ, ಬಿಡಿ. ಅಲ್ಲಿ ವ್ಯಾಪಾರವಾದರೂ ನಡೆಯುತ್ತಿತ್ತು.

ವೀವರ್ಕ್ ಅಂಕಿಗಳಿಗೇ ಕಥೆ ಹೇಳಲು ಕಲಿಸಿತು. ಕಟ್ಟಡವನ್ನು ಬಾಡಿಗೆಗೆ ಹಿಡಿದು ಮೇಜು ಕುರ್ಚಿಯ ಲೆಕ್ಕದಲ್ಲಿ ಮರುಬಾಡಿಗೆಗೆ ಕೊಡುವುದು ಅದರ ಕಸುಬು; ಜಗತ್ತಿನ ಪ್ರಜ್ಞೆಯನ್ನು ಎತ್ತರಿಸುವುದು ಅದು ಸಾರಿಕೊಂಡ ಧ್ಯೇಯ. 2017ರಲ್ಲಿ 93 ಕೋಟಿ ಡಾಲರ್ ನಷ್ಟ ಮಾಡಿಕೊಂಡ ಆ ಕಂಪನಿ, ಪ್ರಚಾರ, ಆಡಳಿತ, ವಿನ್ಯಾಸದ ಖರ್ಚುಗಳನ್ನೂ ಪಕ್ಕಕ್ಕೆ ಸರಿಸಿ, 'ಸಮುದಾಯ'ದ ಹೆಸರಿನ ಹೊಸದೊಂದು ಲೆಕ್ಕ ಹೂಡಿ 23 ಕೋಟಿ ಡಾಲರ್ ಗಳಿಕೆ ತೋರಿಸಿತು. ಮನೆ ಬಾಡಿಗೆ, ಹಾಲಿನ ಬಾಕಿ, ಮಕ್ಕಳ ಶುಲ್ಕ ಬಿಟ್ಟು ಲೆಕ್ಕ ಹಾಕಿದರೆ ತಾಲ್ಲೂಕು ಕಚೇರಿಯ ಗುಮಾಸ್ತನೂ ಸಾಹುಕಾರನೇ. ಆದರೆ ಗುಮಾಸ್ತನಿಗೆ 4,700 ಕೋಟಿ ಡಾಲರ್ ಬೆಲೆ ಕಟ್ಟುವವರಿಲ್ಲ. ವೀವರ್ಕ್‌ಗೆ 2019ರಲ್ಲಿ ಕಟ್ಟಿದರು. 2023ರ ನವೆಂಬರ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು.

ಆನ್‌ಲೈನ್‌ನಲ್ಲಿ ಪಾಠ ಮಾರುತ್ತಿದ್ದ ನಮ್ಮೂರಿನ ಬೈಜೂಸ್ ಕಂಪನಿಯ ವಿಚಾರ ಓದುಗರಿಗೆ ಗೊತ್ತೇ ಇದೆ. ಅದು ಕೊಂಡುಕೊಂಡ, ಮಕ್ಕಳಿಗೆ ಕೋಡಿಂಗ್ ಕಲಿಸುವ ವೈಟ್‌ಹ್ಯಾಟ್ ಜೂನಿಯರ್‌ನ ಜಾಹೀರಾತುಗಳಲ್ಲಿ ವುಲ್ಫ್ ಗುಪ್ತಾ ಎಂಬ ಬಾಲಕನೊಬ್ಬ ಗೂಗಲ್‌ನಲ್ಲಿ ಕೋಟಿಗಟ್ಟಲೆ ಸಂಬಳದ ಕೆಲಸ ಹಿಡಿದಿದ್ದ. ಜಾಹೀರಾತಿನಿಂದ ಜಾಹೀರಾತಿಗೆ ಅವನ ವಯಸ್ಸೂ ಸಂಬಳವೂ ಬದಲಾಗುತ್ತಿದ್ದವು. ಬಾಲಕ ಮಾತ್ರ ಎಲ್ಲಿಯೂ ಇರಲಿಲ್ಲ. ಇಲ್ಲದ ಹುಡುಗನಿಗೆ ಕೆಲಸ ಕೊಡಿಸಿದ ಪವಾಡವನ್ನು ಮೆಚ್ಚಲೇಬೇಕು.

ಆದರೆ ಮೆಚ್ಚಿ ಮೆಚ್ಚಿ ಸುಸ್ತಾಗಿದೆ. ಬೈಜೂಸ್ ತನ್ನ 2020–21ರ ಲೆಕ್ಕವನ್ನು ಹೊರಗಿಟ್ಟದ್ದು 2022ರ ಸೆಪ್ಟೆಂಬರ್‌ನಲ್ಲಿ. ನಷ್ಟ 4,588 ಕೋಟಿ ರೂಪಾಯಿ. ಲೆಕ್ಕಪತ್ರವೇ ಇಲ್ಲದ ಆ ಒಂದೂವರೆ ವರ್ಷದಲ್ಲಿ ಹೂಡಿಕೆದಾರರು ತಲೆದೂಗುತ್ತ ಕಂಪನಿಯ ಬೆಲೆಯನ್ನು 2,200 ಕೋಟಿ ಡಾಲರ್‌ಗೆ ಏರಿಸಿದರು. ಬೀದಿಬದಿ ವ್ಯಾಪಾರಿ ಹತ್ತು ಸಾವಿರ ಸಾಲ ಕೇಳಿದರೆ ಆಧಾರ್, ಪಾಸ್‌ಬುಕ್ ಎಂದು ಅಲೆಸುವ ದೇಶವಿದು. 2024ರಲ್ಲಿ ದಿವಾಳಿ ಪ್ರಕ್ರಿಯೆ ಶುರುವಾಗುವ ಹೊತ್ತಿಗೆ ಕೆಲವು ದೊಡ್ಡ ಹೂಡಿಕೆದಾರರು ತಮ್ಮ ಪಾಲಿನ ಬೆಲೆ ಸೊನ್ನೆ ಎಂದು ಬರೆದುಕೊಂಡು ಮುಂದಿನ ಪಿಚ್ ಕೇಳಲು ಹೊರಟರು. ಸಂಬಳಕ್ಕೆ ಕಾದು ಕುಳಿತ ನೌಕರನಿಗಾಗಲಿ, ಮಗಳ ಕೋರ್ಸಿಗೆಂದು ಸಾಲದ ಕಾಗದಕ್ಕೆ ಸಹಿ ಹಾಕಿದ ತಂದೆಗಾಗಲಿ ಹಾಗೆ ಸೊನ್ನೆ ಬರೆದು ಕೈತೊಳೆದುಕೊಳ್ಳುವ ಸವಲತ್ತನ್ನು ಯಾರೂ ಕೊಡಲಿಲ್ಲ.