ಓಡದ ಪ್ರೋಗ್ರಾಮಿಗೆ ಡಾಕ್ಟರೇಟ್

ಪ್ರೋಗ್ರಾಮ್ ಓಡುವಾಗ ಒಳಗೆ ಏನೇನು ನಡೆಯುತ್ತದೆ? ಈ ವಿಷಯದ ಮೇಲೆ ಒಂದೇ ಒಂದು ಪ್ರೋಗ್ರಾಮನ್ನೂ ಓಡಿಸದೆ ಪಿಎಚ್‌ಡಿ ಮುಗಿಸುವುದು ಹೇಗೆಂದು ಜಗತ್ತಿಗೆ ತೋರಿಸಿದ ಕೀರ್ತಿ ನಮ್ಮ ತುಮಕೂರಿಗೆ ಸಲ್ಲಬೇಕು. ನಮ್ಮ ಬಡಾವಣೆಯ ಇಂಜಿನಿಯರಿಂಗ್ ಕಾಲೇಜು ಮೇಷ್ಟ್ರೊಬ್ಬರು ಮೊನ್ನೆ ಡಾಕ್ಟರ್ ಆದರು. ವಿಷಯ ರನ್‌ಟೈಮ್ ಸಿಸ್ಟಮ್, ಅಂದರೆ ಪ್ರೋಗ್ರಾಮ್ ಓಡುವಾಗ ಅದರ ಬೇಕುಬೇಡ ನೋಡಿಕೊಳ್ಳುವ ವ್ಯವಸ್ಥೆ. ಶಿರಾ ಗೇಟ್‌ನಿಂದ ಬಟವಾಡಿವರೆಗೆ ಫ್ಲೆಕ್ಸ್ ಬಿತ್ತು. ಅದರಲ್ಲಿ ಮೇಷ್ಟ್ರಿಗಿಂತ ಕಾರ್ಪೊರೇಟರ್ ಫೋಟೊ ದೊಡ್ಡದು. ಸಂಶೋಧನೆಯಲ್ಲಿ ಅವರ ಪಾಲೆಷ್ಟು ಅಂತ ಥೀಸಿಸ್‌ನಲ್ಲಿ ಬರೆದಿಲ್ಲ.

ಈ ರನ್‌ಟೈಮ್ ಏನು ಮಾಡುತ್ತದೆ ಅಂತ ಕೇಳಬಹುದು. ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಉಂಡು ಎದ್ದವರ ಎಲೆ ತೆಗೆದರೆ ತಾನೇ ಮುಂದಿನವರು ಕೂರೋದು? ಆದರೆ ಮಜ್ಜಿಗೆಗೆ ಕಾಯುತ್ತಾ ಕೂತವರ ಎಲೆ ಎಳೆದರೆ ಗಲಾಟೆ. 'ಎಲೆ ತೆಗೆಯೋವರೆಗೂ ಎಲ್ಲರೂ ಕೈ ಎತ್ತಿ ಕೂತಿರಿ' ಎಂದರೂ ಗಲಾಟೆ. ಪ್ರೋಗ್ರಾಮಿನ ಮೆಮೊರಿಯಲ್ಲಿ ಈ ಕೆಲಸ ಮಾಡುವುದು ಗಾರ್ಬೇಜ್ ಕಲೆಕ್ಟರ್. 1960ರ ಸುಮಾರಿಗೆ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಗಾಗಿ ಇದನ್ನು ಹುಡುಕಿದರು. ಕೈ ಎತ್ತಿ ಕೂರುವ ಹೊತ್ತು ಹೇಗೆ ಕಡಿಮೆ ಮಾಡೋದು ಅಂತ ಜನ ಅಂದಿನಿಂದಲೂ ತಲೆ ಕೆಡಿಸಿಕೊಂಡಿದ್ದಾರೆ.

ರನ್‌ಟೈಮ್‌ಗೆ ಇನ್ನೊಂದು ಕೆಲಸವೂ ಇದೆ. ಪ್ರೋಗ್ರಾಮಿನ ಯಾವ ಭಾಗ ಪದೇ ಪದೇ ಓಡುತ್ತದೆ ಎಂದು ಗಮನಿಸಿ, ಓಡುತ್ತಿರುವಾಗಲೇ ಅದನ್ನು ಮಷೀನ್ ಕೋಡ್, ಅಂದರೆ ಕಂಪ್ಯೂಟರಿನ ಸ್ವಂತ ಭಾಷೆ, ಮಾಡಿಬಿಡುವುದು. ಜಾವಾ ಭಾಷೆಯ ಹಾಟ್‌ಸ್ಪಾಟ್ ಎಂಬ ರನ್‌ಟೈಮ್ 1999ರಿಂದ ಮಾಡುತ್ತಿರುವುದು ಇದನ್ನೇ. ಈ ವಿದ್ಯೆಯ ದೊಡ್ಡ ಪಾಲು ಬಂದದ್ದು ಸೆಲ್ಫ್ ಎಂಬ ಭಾಷೆಯ ಮೇಲಿನ ಕೆಲಸದಿಂದ. ಸ್ಟ್ಯಾನ್‌ಫರ್ಡ್‌ನಲ್ಲಿ ಉರ್ಸ್ ಹೋಲ್ಜ್ಲೆ 1994ರಲ್ಲಿ ಕೊಟ್ಟ ಪಿಎಚ್‌ಡಿ ಥೀಸಿಸ್ ಅದರದ್ದೇ. ಆಮೇಲೆ ಅವರು ಗೂಗಲ್ ಸೇರಿ ಡೇಟಾ ಸೆಂಟರ್‌ಗಳನ್ನು ಕಟ್ಟಿಸಿದರು. ಅವರ ಊರಲ್ಲಿ ಫ್ಲೆಕ್ಸ್ ಬಿದ್ದ ಸುದ್ದಿ ಮಾತ್ರ ಎಲ್ಲೂ ಇಲ್ಲ, ಪಾಪ.

ನಮ್ಮ ಮೇಷ್ಟ್ರಿಗೆ ಈ ವಿಷಯದ ಹುಚ್ಚು ಹಿಡಿದದ್ದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ ಅಂತ ಗೊತ್ತಾದ ದಿನ. ಎಷ್ಟು ಜನ ಮೇಷ್ಟ್ರಿಗೆ ಪಿಎಚ್‌ಡಿ ಇದೆ ಅಂತ ನ್ಯಾಕ್ ಎಣಿಸುತ್ತದೆ, ರ್ಯಾಂಕ್ ಕೊಡುವ ಎನ್‌ಐಆರ್‌ಎಫ್ ಕೂಡ ಎಣಿಸುತ್ತದೆ. ಎಣಿಸುವವರು ಬಂದಾಗ ತಲೆ ತೋರಿಸಬೇಕು ಅಲ್ವಾ? ಮ್ಯಾನೇಜ್‌ಮೆಂಟ್ ಸರ್ಕ್ಯುಲರ್ ಹೊರಡಿಸಿತು. ಪಿಎಚ್‌ಡಿಗೆ ರಿಜಿಸ್ಟರ್ ಆಗದವರಿಗೆ ಇನ್‌ಕ್ರಿಮೆಂಟ್ ಇಲ್ಲ. ಆ ವಾರವೇ ಇಡೀ ಸ್ಟಾಫ್ ರೂಮಿಗೆ ಜ್ಞಾನದಾಹ ಶುರುವಾಯಿತು.

ಗೈಡ್ ಸಾರ್ ಅವರದ್ದು ವೈರ್‌ಲೆಸ್ ಸೆನ್ಸರ್. 'ಪರವಾಗಿಲ್ಲ ಸಾರ್, ರನ್‌ಟೈಮ್‌ನಲ್ಲೂ ವೈರ್ ಇಲ್ಲವಲ್ಲ' ಅಂದರು ಮೇಷ್ಟ್ರು. ಟೈಟಲ್‌ಗೆ 'ಎ ನಾವೆಲ್ ಇಂಟೆಲಿಜೆಂಟ್ ಎಫಿಶಿಯೆಂಟ್ ಫ್ರೇಮ್‌ವರ್ಕ್' ಅಂತ ತಲೆ ಕಟ್ಟಿ, ಕೊನೆಗೆ 'ಯೂಸಿಂಗ್ ಎಐ' ಅಂತ ಬಾಲ ಸೇರಿಸಿದರು. ನಡುವೆ ಏನು ಬರಬೇಕು ಅನ್ನೋದು ಕೋರ್ಸ್ ವರ್ಕ್ ಮುಗಿಯುವ ಹೊತ್ತಿಗೆ ತೀರ್ಮಾನವಾಯಿತು.

ಈ ವಿಷಯದಲ್ಲಿ ಹೊರಗಿನವರು ಎಷ್ಟು ಹಿಂದುಳಿದಿದ್ದಾರೆ ನೋಡಿ. 2009ರಲ್ಲಿ ನಾಲ್ಕು ಜನ ಸಂಶೋಧಕರು ಒಂದು ಪೇಪರ್ ಬರೆದರು. ಲಾಗಿನ್ ಹೆಸರು, ಫೋಲ್ಡರ್ ದಾರಿ ಇಂಥವೆಲ್ಲ ಪ್ರೋಗ್ರಾಮ್ ಶುರುವಾಗುವ ಮುಂಚೆಯೇ ಮೆಮೊರಿಯಲ್ಲಿ ಹೋಗಿ ಕೂರುತ್ತವೆ. ಅವು ಉದ್ದವಾದರೆ ಸ್ಟ್ಯಾಕ್, ಅಂದರೆ ಪ್ರೋಗ್ರಾಮ್ ತನ್ನ ಕೆಲಸಕ್ಕೆ ಬಳಸುವ ಮೆಮೊರಿಯ ಜಾಗ, ಸ್ವಲ್ಪ ಜರುಗುತ್ತದೆ. ಅಷ್ಟಕ್ಕೇ ವೇಗ ಬದಲಾಗುತ್ತದೆ. ಪ್ರೋಗ್ರಾಮನ್ನು ಮಷೀನ್ ಕೋಡ್ ಮಾಡುವ ಕಂಪೈಲರ್‌ಗೆ ವೇಗ ಹೆಚ್ಚಿಸುವ ಮಟ್ಟಗಳಿವೆ; ಅದರಲ್ಲಿ ಒ3 ಮಟ್ಟ ಒ2ಗಿಂತ ಚುರುಕೋ ನಿಧಾನವೋ ಎಂಬ ತೀರ್ಮಾನವೇ ಉಲ್ಟಾ ಹೊಡೆಯಬಹುದು. ಅಂದರೆ ರವಿ ಲಾಗಿನ್ ಆದರೆ ಒಂದು ಉತ್ತರ, ಚಿಕ್ಕರಂಗಸ್ವಾಮಯ್ಯ ಲಾಗಿನ್ ಆದರೆ ಇನ್ನೊಂದು! ಆ ನಾಲ್ವರು ದೊಡ್ಡ ದೊಡ್ಡ ಸಮ್ಮೇಳನಗಳ 133 ಪೇಪರ್ ತಿರುವಿ ಹಾಕಿದರು. ಅಳತೆಯಲ್ಲಿನ ಈ ಓರೆಯನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡ ಪೇಪರ್ ಒಂದೂ ಸಿಗಲಿಲ್ಲ. ನಮ್ಮ ಮೇಷ್ಟ್ರ ಥೀಸಿಸ್‌ನಲ್ಲಿ ದೀಪ ಹಿಡಿದು ಹುಡುಕಿದರೂ ಈ ದೋಷ ಸಿಗುವುದಿಲ್ಲ. ಅವರು ಏನನ್ನೂ ಅಳೆದೇ ಇಲ್ಲ.

2017ರಲ್ಲಿ ಇನ್ನೂ ಐದು ಜನ ಬಂದರು. ವರ್ಚುವಲ್ ಮಷೀನ್, ಅಂದರೆ ಪ್ರೋಗ್ರಾಮನ್ನು ಓಡಿಸುವ ರನ್‌ಟೈಮ್, ಸ್ವಲ್ಪ ಹೊತ್ತು ಓಡಿ 'ಬಿಸಿಯಾಗಿ' ಒಂದು ಹದಕ್ಕೆ ಬಂದಮೇಲೆ ವೇಗ ಅಳೆಯಬೇಕು ಎಂಬ ರೂಢಿ ಇತ್ತಲ್ಲ, ಅದನ್ನೇ ಪರೀಕ್ಷೆಗೆ ಇಟ್ಟರು. ಪ್ರತಿ ಸಲವೂ ಕಂಪ್ಯೂಟರ್ ರೀಬೂಟ್ ಮಾಡಿ, ಅದು ತಣ್ಣಗಾಗುವ ತನಕ ಕಾದು, ಮತ್ತೆ ಓಡಿಸಿದರು. ಎಷ್ಟೋ ಪ್ರೋಗ್ರಾಮುಗಳು ಆ ಹದಕ್ಕೆ ಬರುವುದೇ ಇಲ್ಲ, ಕೆಲವು ಓಡುತ್ತಾ ಓಡುತ್ತಾ ನಿಧಾನವಾಗುತ್ತವೆ ಅಂತ ಗೊತ್ತಾಯಿತು. ಇಷ್ಟಕ್ಕೆ ಅಷ್ಟು ಕಷ್ಟ ಯಾಕೆ? ನಮ್ಮ ಲ್ಯಾಬಿಗೆ ಬಂದಿದ್ದರೆ ಕರೆಂಟ್‌ನವರು ರೀಬೂಟ್ ಪುಕ್ಕಟೆ ಮಾಡಿಕೊಡುತ್ತಿದ್ದರು. ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇರುವ ಜಿಲ್ಲೆ ನಮ್ಮದು. ಆದರೂ ಯುಪಿಎಸ್ ಕೀಂಯ್ ಅನ್ನದ ಮಧ್ಯಾಹ್ನ ನಮ್ಮ ಲ್ಯಾಬಿನಲ್ಲಿ ಇಲ್ಲ.

ಪಿಎಲ್‌ಡಿಐ ಅಂತ ಪ್ರೋಗ್ರಾಮಿಂಗ್ ಭಾಷೆಗಳ ಒಂದು ಸಮ್ಮೇಳನ ಇದೆ. ಅಲ್ಲಿ 2014ರಿಂದ, ಪೇಪರ್ ಬರೆದವರು ತಮ್ಮ ಪ್ರೋಗ್ರಾಮನ್ನೂ ಕಳಿಸಬಹುದು. ಗುರುತು ಪರಿಚಯ ಇಲ್ಲದವರು ಅದನ್ನು ತಮ್ಮ ಕಂಪ್ಯೂಟರಿನಲ್ಲಿ ಓಡಿಸಿ, ಪೇಪರಿನಲ್ಲಿ ಹೇಳಿದ್ದು ನಿಜವಾ ಅಂತ ನೋಡುತ್ತಾರೆ. ಎಂಥ ಅಪನಂಬಿಕೆ! ನಮ್ಮಲ್ಲಿ ಗೈಡ್ ಸಹಿ ಇದ್ದರೆ ಸಾಕು, ಮನುಷ್ಯನ ಮೇಲೆ ನಂಬಿಕೆ.

ನಮ್ಮ ಮೇಷ್ಟ್ರು ನಿದ್ದೆಗೆಟ್ಟದ್ದು ಗಾರ್ಬೇಜ್ ಕಲೆಕ್ಟರ್‌ಗಾಗಿ ಅಲ್ಲ, ಸಿಮಿಲಾರಿಟಿ ರಿಪೋರ್ಟ್‌ಗಾಗಿ. ಯುಜಿಸಿಯ 2018ರ ನಿಯಮದ ಪ್ರಕಾರ ಬೇರೆಯವರ ಬರಹದ ಜೊತೆ ಹೋಲಿಕೆ 10 ಪರ್ಸೆಂಟ್‌ವರೆಗೆ ಇದ್ದರೆ ಶಿಕ್ಷೆ ಇಲ್ಲ. 60 ದಾಟಿದರೆ ರಿಜಿಸ್ಟ್ರೇಷನ್ನೇ ರದ್ದು. ಮೊದಲ ಸಲ ಮೇಷ್ಟ್ರಿಗೆ ಬಂದದ್ದು ಡಿಸ್ಟಿಂಕ್ಷನ್. ಆಮೇಲೆ ಕಾಲೇಜಿನ ಮುಂದಿನ ಜೆರಾಕ್ಸ್ ಅಂಗಡಿ ಹುಡುಗನೇ ಕೂತು ವಾಕ್ಯ ತಿರುಗಿಸಿ ಮುರುಗಿಸಿ ಹತ್ತರೊಳಗೆ ಇಳಿಸಿಕೊಟ್ಟ. ಸ್ಪೈರಲ್ ಬೈಂಡಿಂಗ್ ಚಾರ್ಜ್ ಬೇರೆ. ಇಡೀ ಥೀಸಿಸ್ ಓದಿದ ಏಕೈಕ ವ್ಯಕ್ತಿ ಬಹುಶಃ ಅವನೇ. ಕಾರ್ಪೊರೇಟರ್ ಬದಲು ಅವನ ಫೋಟೊ ಹಾಕಬಹುದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಪೇಪರ್ ವಿಚಾರವೂ ಅಷ್ಟೇ. ಥೀಸಿಸ್ ಕೊಡುವ ಮುಂಚೆ ಪೇಪರ್ ಕಡ್ಡಾಯ ಎಂಬುದನ್ನು ಯುಜಿಸಿ 2022ರ ನಿಯಮದಲ್ಲಿ ಕೈಬಿಟ್ಟಿತು. ಕಾಲೇಜಿನ ಫೈಲ್ ಮಾತ್ರ ಈಗಲೂ ಪೇಪರ್ ಬೇಡುತ್ತದೆ. ದುಡ್ಡು ಕಟ್ಟಿದ ವಾರದಲ್ಲೇ ಅಚ್ಚು ಹಾಕುವ ಜರ್ನಲ್‌ಗಳು ಇರುವಾಗ ಬೇಡಿದರೆ ಯಾರಿಗೇನು ನಷ್ಟ?

ಇಷ್ಟರ ನಡುವೆ ಅದೇ ಡಿಪಾರ್ಟ್‌ಮೆಂಟಿನಲ್ಲಿ ಪಿಎಚ್‌ಡಿ ಮಾಡುವ ಒಬ್ಬ ಹುಡುಗಿ ಇದ್ದಳು. ಗುಬ್ಬಿ ಕಡೆಯವಳು. ಅವಳು ನಿಜವಾಗಲೂ ಒಂದು ಗಾರ್ಬೇಜ್ ಕಲೆಕ್ಟರ್ ಬರೆದಳು. ಹಳೇ ಲ್ಯಾಪ್‌ಟಾಪಿನಲ್ಲಿ ರಾತ್ರಿಯಿಡೀ ಓಡಿಸಿದಳು. ಲಾಗಿನ್ ಹೆಸರು ಬದಲಿಸಿ ಬದಲಿಸಿ ಓಡಿಸಿದಳು. ಕೊನೆಗೆ ತನ್ನದು ಈಗಿರುವುದಕ್ಕಿಂತ ಸ್ವಲ್ಪ ನಿಧಾನ ಅಂತ ಕಂಡುಕೊಂಡು, ಯಾಕೆ ನಿಧಾನ ಎಂಬುದನ್ನೂ ಬರೆದುಕೊಂಡು ಬಂದಳು. ಕಮಿಟಿಯವರು ಗಾಬರಿಯಾದರು.

'ಏನಮ್ಮಾ ಇದು, ನಿಧಾನ ಅಂತ ಬರೆದಿದ್ದೀಯಾ?'

'ನಿಧಾನವೇ ಇದೆ ಸಾರ್.'

'ಇರಬಹುದಮ್ಮಾ, ಅದನ್ನ ಬರೀಬೇಕಾ?'

ಅವಳಿಗೆ ಆರು ತಿಂಗಳು ಎಕ್ಸ್‌ಟೆನ್ಷನ್ ಸಿಕ್ಕಿತು. ಆ ಆರು ತಿಂಗಳಲ್ಲಿ ಗ್ರಾಫ್ ಮೇಲಕ್ಕೆ ಹೋಗುವ ಹಾಗೆ ನೋಡಿಕೊಳ್ಳಬೇಕಂತೆ.

ಮೇಷ್ಟ್ರ ವೈವಾಗೆ ಬೆಂಗಳೂರಿನಿಂದ ಎಕ್ಸ್‌ಟರ್ನಲ್ ಸಾರ್ ಬಂದರು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಆದಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ, ಈ ಸಂಶೋಧನೆಯಿಂದ ಸಮಾಜಕ್ಕೆ ಏನು ಉಪಯೋಗ ಅಂತ. ಮೇಷ್ಟ್ರು ರೈತರನ್ನು ನೆನೆದರು. ಆಗ ಹಿಂದಿನ ಬೆಂಚಿನಿಂದ ಆ ಹುಡುಗಿ ಎದ್ದು, 'ಸಾರ್, ಪ್ರೋಗ್ರಾಮ್ ಎಲ್ಲಿದೆ?' ಎಂದಳು. ಅಪೆಂಡಿಕ್ಸ್ ನೋಡಿ ಅಂದರು. ಅಪೆಂಡಿಕ್ಸ್‌ನಲ್ಲಿ ಸ್ಕ್ರೀನ್‌ಶಾಟ್ ಇತ್ತು. ಓಡಿಸಿ ತೋರಿಸಿ ಅನ್ನುವಷ್ಟರಲ್ಲಿ ಶಾಲು, ಹಾರ, ಫಲತಾಂಬೂಲದ ತಟ್ಟೆ ಒಳಗೆ ಬಂದವು.

ಈಗ ಮೇಷ್ಟ್ರು ತಾವೇ ಗೈಡ್. ಅಸಿಸ್ಟೆಂಟ್ ಪ್ರೊಫೆಸರ್ ಆದ್ದರಿಂದ ಅವರ ಕೆಳಗೆ ನಾಲ್ಕು ಸೀಟು. ಅಸೋಸಿಯೇಟ್ ಆದರೆ ಆರು, ಪ್ರೊಫೆಸರ್ ಆದರೆ ಎಂಟು. ಮೊದಲ ಸೀಟಿಗೆ ಆಗಲೇ ಒಬ್ಬರು ಬಂದಿದ್ದಾರೆ. ಪೈಥಾನ್ ಭಾಷೆಯಲ್ಲಿ ಒಂದು ಹೊತ್ತಿಗೆ ಪ್ರೋಗ್ರಾಮಿನ ಒಂದೇ ಎಳೆಯನ್ನು ಓಡಲು ಬಿಡುವ ಜಿಐಎಲ್ ಎಂಬ ಬೀಗ ತೆಗೆಯುವುದು ಅವರ ನಾವೆಲ್ ಐಡಿಯಾ. ಆ ಬೀಗ ಇಲ್ಲದ ಪ್ರಾಯೋಗಿಕ ಪೈಥಾನ್ 2024ರ ಅಕ್ಟೋಬರಿನಲ್ಲೇ 3.13ರ ಜೊತೆ ಬಂತು ಅಂತ ಇಬ್ಬರಿಗೂ ಯಾರೂ ಹೇಳಿಲ್ಲ.

'ಸಾರ್, ಮೊದಲು ಪೈಥಾನ್ ಇನ್‌ಸ್ಟಾಲ್ ಮಾಡ್ಕೊಳ್ಳಲಾ?' ಅಂತ ಅವರು ಕೇಳಿದರಂತೆ.

'ಅದಕ್ಕೇನು ಅವಸರ? ಮೊದಲು ಕೋರ್ಸ್ ವರ್ಕ್ ಫೀಸ್ ಕಟ್ಟಿ' ಅಂದರಂತೆ ಮೇಷ್ಟ್ರು.