ಐವತ್ತು ಅಂದರೆ ಎಷ್ಟು?

ಮೌಸ್ ಹಿಡಿದು ವಾಲ್ಯೂಮ್ ಎಳೆಯುವವರು ಪುಣ್ಯವಂತರು. ಸದ್ದು ಜಾಸ್ತಿಯಾಯಿತು ಅನ್ನಿಸಿದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಎಂಟರ್ ಒತ್ತಿದ ಮೇಲೆ ಕಿವಿಯ ಯೋಗ ಇದ್ದಂತೆ.

ಲಿನಕ್ಸ್‌ನಲ್ಲಿ ವಾಲ್ಯೂಮ್ ಬದಲಿಸುವ ‘ಪಿಎಸಿಟಿಎಲ್’ ಆಜ್ಞೆಗೆ 50% ಎಂದರೆ 50%. ಶೇಕಡಾ ಚಿಹ್ನೆ ಮರೆತು ಬರೀ 50 ಎಂದಿರೋ, ಮೌನ. ಅದರ ಲೆಕ್ಕದಲ್ಲಿ ಪೂರ್ತಿ ಸದ್ದು ಎಂದರೆ 65,536. ಐವತ್ತು ಅಲ್ಲಿ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಪೈಪ್‌ವೈರ್ ಎಂಬ ಸದ್ದಿನ ವ್ಯವಸ್ಥೆಯ ಜೊತೆ ಬಳಸುವ ‘ಡಬ್ಲ್ಯೂಪಿಸಿಟಿಎಲ್’ ಆಜ್ಞೆಯದು ಇದಕ್ಕೆ ತದ್ವಿರುದ್ಧ. ಅಲ್ಲಿ ಪೂರ್ತಿ ಎಂದರೆ 1.0, ಹಾಗಾಗಿ ಬರೀ 50 ಎಂದರೆ ಐವತ್ತು ಪಟ್ಟು ಕೇಳಿದ ಹಾಗೆ! ‘-ಎಲ್ 1.0’ ಎಂದು ಮಿತಿ ಹಾಕಿಬಿಡುವುದು ಕಿವಿಗೂ ಸ್ಪೀಕರಿಗೂ ಕ್ಷೇಮ. ಇನ್ನು 5% ಏರಿಸಲು ಪ್ಲಸ್ ಹಾಕುವುದು ಒಂದರಲ್ಲಿ ಸಂಖ್ಯೆಯ ಮುಂಚೆ, ಇನ್ನೊಂದರಲ್ಲಿ ಆಮೇಲೆ. ಯಾರಿಗೆ ಯಾರ ಮೇಲೆ ಸಿಟ್ಟಿತ್ತೋ! ಪ್ಲಸ್ಸನ್ನೇ ಮರೆತರೆ ಸದ್ದು ಏರುವ ಬದಲು 5%ಗೆ ಕುಸಿಯುತ್ತದೆ.

ವಾಲ್ಯೂಮ್ ಏರಿಸಿದಷ್ಟೂ ಸದ್ದೇ ಇಲ್ಲವೇ? ಮ್ಯೂಟ್ ಎಂಬುದು ಬೇರೆಯೇ ಸ್ವಿಚ್ಚು, ವಾಲ್ಯೂಮ್ ಏರಿಸಿದರೆ ಅದು ಕದಲುವುದಿಲ್ಲ. ಸದ್ದಿನ ಮಟ್ಟವನ್ನು ಕಂಬಗಳಲ್ಲಿ ತೋರಿಸುವ ‘ಆಲ್ಸಾಮಿಕ್ಸರ್’ ತೆರೆದು, ಒಂದೇ ಕಂಬ ಕಂಡರೆ ಎಫ್6 ಒತ್ತಿ ಅಸಲಿ ಸೌಂಡ್ ಕಾರ್ಡ್ ಆರಿಸಿ. ಕಂಬದ ಬುಡದಲ್ಲಿ ‘ಎಂಎಂ’ ಎಂದಿದ್ದರೆ ಬಾಯಿ ಕಟ್ಟಿದೆ ಎಂದರ್ಥ. ‘ಎಂ’ ಕೀಲಿ ಒತ್ತಿದರೆ ಅದು ‘ಓಓ’ ಆಗುತ್ತದೆ. ಆದರೆ ಒತ್ತುವ ಮುಂಚೆ ವಾಲ್ಯೂಮ್ ಇಳಿಸಿ. ಅಷ್ಟು ಹೊತ್ತು ಸಿಟ್ಟಿನಲ್ಲಿ ಏರಿಸಿದ್ದೆಲ್ಲ ಅಲ್ಲೇ ಕಾದು ಕೂತಿರುತ್ತದೆ.

ಎಲ್ಲಕ್ಕಿಂತ ಸ್ವಾರಸ್ಯದ್ದು ಆಡಿಯೋ ಫೈಲ್ ನುಡಿಸುವ ‘ಎಪ್ಲೇ’ ಆಜ್ಞೆ. ಅದಕ್ಕೆ ವೇವ್ ಫೈಲ್ ಗೊತ್ತು, ಎಂಪಿ3 ಗೊತ್ತಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಸಂಕೋಚವೂ ಇಲ್ಲ. ‘ರಾ ಡೇಟಾ, 8 ಬಿಟ್, 8000 ಹರ್ಟ್ಜ್, ಮೋನೊ’ ಎಂದು ಘೋಷಿಸಿ, ಫೈಲಿನ ಒಂದೊಂದು ಬೈಟನ್ನೂ ಹಾಗೆಹಾಗೇ ಸ್ಪೀಕರಿಗೆ ಸುರಿಯುತ್ತದೆ. ಕೇಳಿಸುವುದು ಕರ್ಕಶ ಗರಗರ. ಅದೂ ಸೆಕೆಂಡಿಗೆ 8000 ಬೈಟ್‌ನಂತೆ, ಸಾವಕಾಶವಾಗಿ. 128 ಕೆಬಿಪಿಎಸ್ ಎಂಪಿ3 ಸೆಕೆಂಡಿಗೆ 16,000 ಬೈಟ್ ತಿನ್ನುವಂಥದ್ದು. ಹಾಗಾಗಿ ನಾಲ್ಕು ನಿಮಿಷದ ಹಾಡು ಎಂಟು ನಿಮಿಷದ ಗರಗರವಾಗುತ್ತದೆ. ಕಂಟ್ರೋಲ್-ಸಿ ಒತ್ತಿ ಅದನ್ನು ಸುಮ್ಮನಾಗಿಸಿ, ಎಂಪಿ3 ಬಲ್ಲ ‘ಎಂಪಿವಿ’ ಪ್ಲೇಯರಿಗೆ ಹಾಡು ಒಪ್ಪಿಸಿ. ಅಲ್ಲಿ 9 ಒತ್ತಿದರೆ ಸದ್ದು ಇಳಿಯುತ್ತದೆ, 0 ಒತ್ತಿದರೆ ಏರುತ್ತದೆ. ಕೀಬೋರ್ಡಿನಲ್ಲಿ ಸೊನ್ನೆ ಒಂಬತ್ತರ ಬಲಕ್ಕಿದೆಯಲ್ಲ, ಅದಕ್ಕೆ.