ಸ್ಟೆಪ್ಸ್ 150ಕ್ಕೆ ಏರಿಸಿದರೆ ಆರನೇ ಬೆರಳು ಹೋಗುವುದಿಲ್ಲ

‘ಸ್ಟೇಬಲ್ ಡಿಫ್ಯೂಷನ್ (ಬರೆದ ವಿವರಣೆಯಿಂದ ಚಿತ್ರ ಬಿಡಿಸುವ ಎಐ) ಚಿತ್ರದಲ್ಲಿ ಆರು ಬೆರಳು, ಎರಡು ತಲೆ ಬಂದರೆ ಸ್ಟೆಪ್ಸ್ 150ಕ್ಕೆ ಏರಿಸಿ, ಎಲ್ಲಾ ಸರಿಹೋಗುತ್ತದೆ’ ಎಂಬ ಸಲಹೆ ಹರಿದಾಡುತ್ತಿದೆ. ಇದು ತಪ್ಪು.

ಇಲ್ಲಿ ಚಿತ್ರ ಶುರುವಾಗುವುದು ಅಡ್ಡಾದಿಡ್ಡಿ ಚುಕ್ಕೆಗಳಿಂದ. ಅವನ್ನು ಎಷ್ಟು ಸಲಕ್ಕೆ ತೆಗೆದು ಚಿತ್ರ ಮಾಡಬೇಕು ಅನ್ನುವುದೇ ಸ್ಟೆಪ್ಸ್. ಮಾಮೂಲಿ ಮಾಡೆಲ್‌ಗಳಲ್ಲಿ ಐದಾರು ಸ್ಟೆಪ್ಸ್ ಇಟ್ಟರೆ ಚಿತ್ರ ಮಸುಕಾಗುತ್ತದೆ, 20ಕ್ಕೆ ಏರಿಸಿದರೆ ತಿಳಿಯಾಗುತ್ತದೆ. ಅಷ್ಟು ನಿಜ. 30 ದಾಟಿದ ಮೇಲೆ ಹೆಚ್ಚಿನ ಸಲ ಸುಮ್ನೆ ಸಮಯ ದಂಡ.

ಎರಡು ತಲೆಗೆ ಕಾರಣ ಬೇರೆಯೇ ಇದೆ. ಸ್ಟೇಬಲ್ ಡಿಫ್ಯೂಷನ್ 1.5 ಆವೃತ್ತಿ ಕಲಿತದ್ದು ಮುಖ್ಯವಾಗಿ 512×512 ಅಳತೆಯ ಚಿತ್ರಗಳಲ್ಲಿ. ಅದಕ್ಕೆ 512×1024 ಕೇಳಿದರೆ ಉಳಿದ ಜಾಗ ತುಂಬಲು ಇನ್ನೊಂದು ತಲೆಯನ್ನೇ ತಂದು ಕೂರಿಸುತ್ತದೆ! ಮೊದಲು ಚಿಕ್ಕದಾಗಿ ಮಾಡಿಸಿ, ಆಮೇಲೆ ಅಪ್‌ಸ್ಕೇಲ್ ಮಾಡಿ (ದೊಡ್ಡದಾಗಿಸಿ). ಇಲ್ಲವೇ 1024×1024 ಅಳತೆಗೆ ತಯಾರಾದ, ಅದರ ನಂತರದ ಆವೃತ್ತಿಯಾದ ಎಸ್‌ಡಿಎಕ್ಸ್‌ಎಲ್ ಬಳಸಿ.

ಬೆರಳಿನ ಕಥೆ ಇನ್ನೂ ಕಷ್ಟ. ಫೋಟೋಗಳಲ್ಲಿ ಕೈ ಚಿಕ್ಕದು, ಅರ್ಧ ಮುಚ್ಚಿರುತ್ತದೆ, ಮಡಚಿರುತ್ತದೆ. ಮಾಡೆಲ್ ಬೆರಳು ಎಣಿಸುವುದಿಲ್ಲ, ಕೈಯಂತೆ ಕಾಣುವುದನ್ನು ಬಿಡಿಸುತ್ತದೆ. ಪ್ರಾಂಪ್ಟಿನಲ್ಲಿ (ಬೇಕಾದ ಚಿತ್ರದ ವಿವರಣೆಯಲ್ಲಿ) ‘ಆರು ಬೆರಳು ಬೇಡ’ ಎಂದು ಬರೆಯುವುದೂ ಅಪಾಯವೇ. ಅದು ‘ಆರು ಬೆರಳು’ ಹಿಡಿದುಕೊಂಡು ‘ಬೇಡ’ ಬಿಟ್ಟುಬಿಡಬಹುದು. ಬೇಡದ್ದನ್ನು ಅದಕ್ಕೆಂದೇ ಇರುವ ನೆಗೆಟಿವ್ ಪ್ರಾಂಪ್ಟ್ ಜಾಗದಲ್ಲಿ ಹಾಕಿ. ಅದೂ ಗ್ಯಾರಂಟಿ ಅಲ್ಲ. ನನ್ನ ಪ್ರಕಾರ ಇನ್‌ಪೇಂಟ್ ಮಾಡುವುದೇ ವಾಸಿ: ಕೈಯ ಭಾಗವನ್ನಷ್ಟೇ ಮಾಸ್ಕ್ ಮಾಡಿ (ಗುರುತು ಹಾಕಿ), ಚೆನ್ನಾಗಿ ಬರುವವರೆಗೆ ಅದನ್ನಷ್ಟೇ ಮಾಡೆಲ್ ಕೈಲಿ ಮತ್ತೆ ಬಿಡಿಸಿ.

ಹಾಗೆಯೇ, ಬಣ್ಣ ಸುಟ್ಟಂತೆ ಕಂಡರೂ ಸ್ಟೆಪ್ಸ್ ಮುಟ್ಟಬೇಡಿ. ಸಿಎಫ್‌ಜಿ (ಪ್ರಾಂಪ್ಟಿಗೆ ಎಷ್ಟು ಬಿಗಿಯಾಗಿ ಅಂಟಿಕೊಳ್ಳಬೇಕು ಅನ್ನುವ ಅಂಕಿ) 15, 20 ಅಂತ ಇದ್ದರೆ 7ರ ಆಸುಪಾಸಿಗೆ ಇಳಿಸಿ ನೋಡಿ.